ಹದಿನೆಂಟು ಮೊಳದ ಏಣಿ

ನಮ್ಮೂರಿನಲ್ಲಿ ಯಾರ ಮನೆಯಾದರೂ ನೆಲ ಬಿಟ್ಟು ಏರಿದರೆ ಅಕ್ಕಪಕ್ಕದವರು ಮೊದಲು ಓಡಿ ಬರುತ್ತಿದ್ದುದು ನಮ್ಮ ಅಂಗಳಕ್ಕೆ. ಬಂದವರು ಮನೆಯವರ ಹೆಸರು ಹೇಳುವ ಮೊದಲೇ ಎಷ್ಟು ಮೊಳ ಎಂದು ಹೇಳುತ್ತಿದ್ದರು. ಐದು ಎಂದರೆ ನಾನೊಬ್ಬಳೇ ಎದ್ದು ಐದು ಮೊಳದ ಏಣಿ ಎಳೆಯುತ್ತಿದ್ದೆ. ಎಂಟು ಎಂದರೆ ನನ್ನ ನಾದಿನಿ ಸಾಕಮ್ಮನೂ ಕೈ ಹಾಕುತ್ತಿದ್ದಳು. ಇಬ್ಬರೂ ಏಣಿಯ ಎರಡು ತುದಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದರೆ ಎದುರಿಗೆ ಬಂದ ಗಾಡಿಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು. ಮದುವೆ ದಿಬ್ಬಣಕ್ಕೂ ನಮ್ಮೂರಿನವರು ಅಷ್ಟು ದಾರಿ ಬಿಡುತ್ತಿರಲಿಲ್ಲ.

ಯಾರ ಮನೆ ಏರುತ್ತದೆ, ಯಾವಾಗ ಏರುತ್ತದೆ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಸಂತೆಗೆ ಹೋದ ಗಂಡಸು ಮಧ್ಯಾಹ್ನ ಬಂದು ನೋಡಿದರೆ ಅವನ ಬಾಗಿಲು ಅವನ ತಲೆಯ ಮೇಲಿರುತ್ತಿತ್ತು. ಅವನು ಚೀಲ ಕೆಳಗಿಟ್ಟು, ಹೆಂಡತಿ ಹಗ್ಗ ಕಟ್ಟಿ ಇಳಿಬಿಟ್ಟ ಚೊಂಬಿನಿಂದ ನೀರು ಕುಡಿದು, ಬಾಯಿ ಒರೆಸಿಕೊಂಡು ನಮ್ಮಲ್ಲಿಗೆ ಹೊರಡುತ್ತಿದ್ದ. ಏರಿದ ಮನೆ ಅಲುಗಾಡುತ್ತಿರಲಿಲ್ಲ. ಗೋಡೆಗೆ ತಗುಲಿಹಾಕಿದ ಪಟದ ಹಾಗೆ ನಿಂತಲ್ಲೇ ನಿಂತಿರುತ್ತಿತ್ತು. ಒಳಗೆ ಒಲೆ ಉರಿಯುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಕೆಳಗೆ ಪಾಯದ ಗುಂಡಿಯಲ್ಲಿ ಎರೆಹುಳುಗಳು ಬೆಳಕು ಕಂಡು ದಿಕ್ಕೆಟ್ಟು ಹರಿದಾಡುತ್ತಿದ್ದವು. ಜನ ಆ ನೆರಳಿನಲ್ಲಿ ದನ ಕಟ್ಟುತ್ತಿದ್ದರು. ಹಪ್ಪಳಕ್ಕೆ ಬಿಸಿಲು ಬೀಳುವುದಿಲ್ಲವೆಂದು ಪಕ್ಕದ ಮನೆಯವರು ಗೊಣಗುತ್ತಿದ್ದರು. ನಾಲ್ಕು ದಿನವೋ ನಲವತ್ತು ದಿನವೋ ಕಳೆದ ಮೇಲೆ ಮನೆ ತಾನಾಗಿ ಇಳಿದು ತನ್ನ ಗುಂಡಿಯಲ್ಲಿ ಕೂರುತ್ತಿತ್ತು. ನಾನು ಮದುವೆಯಾಗಿ ಈ ಊರಿಗೆ ಬಂದ ಮೂರನೆಯ ದಿನ ಎದುರು ಮನೆ ಏರಿದ್ದನ್ನು ನೋಡಿ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಐವತ್ತು ವರ್ಷವಾಯಿತು. ಈಗಲೂ ಯಾವ ಮನೆ ಏರಿದರೂ ನನ್ನ ಕೈಯಲ್ಲಿ ಏನಿರುತ್ತದೋ ಅದು ಹಾಗೇ ಉಳಿದುಬಿಡುತ್ತದೆ.

ಏಣಿ ಬಾಡಿಗೆಗೆ ಕೊಡುವುದು ನನ್ನ ಮಾವನವರು ಶುರು ಮಾಡಿದ ಕಸುಬು. ಅವರ ನಂತರ ನನ್ನ ಗಂಡ ನಡೆಸಿದರು. ಅವರೂ ಹೋದ ಮೇಲೆ ನಾನು ಮತ್ತು ಸಾಕಮ್ಮ ಉಳಿದೆವು. ಸಾಕಮ್ಮ ನನ್ನ ಗಂಡನ ತಂಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಸೋಗೆ ಚಪ್ಪರದ ಕೆಳಗೆ ನಾಲ್ಕು ಮೊಳದಿಂದ ಹಿಡಿದು ಹದಿನಾಲ್ಕು ಮೊಳದವರೆಗೆ ಇಪ್ಪತ್ತಾರು ಏಣಿಗಳಿದ್ದವು. ಅವುಗಳ ಪಕ್ಕದಲ್ಲಿ, ಬೇರೆಯಾಗಿ, ಹದಿನೆಂಟು ಮೊಳದ್ದು ಒಂದೇ ಒಂದು ಇತ್ತು. ಅದನ್ನು ನನ್ನ ಗಂಡ ಒಂದೇ ಮೆಳೆಯ ಎರಡು ಬಿದಿರು ಗಳ ಆರಿಸಿ ಕಟ್ಟಿದ್ದರು. ಅದು ಹೊರಗೆ ಹೋಗಿದ್ದು ನನಗೆ ತಿಳಿದ ಹಾಗೆ ನಾಲ್ಕೇ ಸಲ.

ನಮ್ಮ ಕಸುಬಿನ ಕ್ರಮ ಹೀಗಿತ್ತು. ಏಣಿಯನ್ನು ಒಯ್ದು ಹೊಸ್ತಿಲಿಗೆ ಒರಗಿಸುವವರು ನಾವೇ, ಎರಡು ದಿನಕ್ಕೊಮ್ಮೆ ಹೋಗಿ ಮೆಟ್ಟಿಲುಗಳ ಕಟ್ಟು ನೋಡುವವರೂ ನಾವೇ, ತೆಗೆಯುವವರೂ ನಾವೇ. ಮನೆ ಇಳಿಯುವ ಹೊತ್ತು ಹತ್ತಿರವಾದರೆ ಅದರ ತಳದಿಂದ ಮಣ್ಣು ಉದುರಲು ಶುರುವಾಗುತ್ತಿತ್ತು. ಮಣ್ಣು ಉದುರಿದ ಸುದ್ದಿ ಬಂದದ್ದೇ ಉಣ್ಣುತ್ತಿದ್ದರೂ ಎದ್ದು ಓಡಿ ಏಣಿ ತೆಗೆಯಬೇಕು, ಇಳಿಯುವ ಮನೆಗೆ ನೆಲ ತಾಗುವ ಮೊದಲು ಬೇರೇನೂ ತಾಗಬಾರದು ಎಂದು ಮಾವನವರು ಹೇಳಿಕೊಟ್ಟಿದ್ದರು. ಯಾಕೆ ಎಂದು ನಾವು ಕೇಳಿರಲಿಲ್ಲ. ಯಾವಾಗಲೂ ನಾವೇ ತೆಗೆಯುತ್ತಿದ್ದುದರಿಂದ ಊರಿನಲ್ಲಿ ಬೇರೆ ಯಾರಿಗೂ ಇದು ಗೊತ್ತಿರಬೇಕಾದ ಅಗತ್ಯವೂ ಬಂದಿರಲಿಲ್ಲ.

ಹೀಗಿರುವಾಗ ಅಮೀನ ಶೇಷಪ್ಪನವರು ನಮ್ಮ ಅಂಗಳಕ್ಕೆ ಬಂದರು. ಕೋರ್ಟಿನಲ್ಲಿ ಅಮೀನರಾಗಿ ನಿವೃತ್ತರಾದವರು, ಜಪ್ತಿ ಮಾಡುವಾಗ ಊರಿನ ಅರ್ಧ ಪಾತ್ರೆಪಗಡಗಳನ್ನು ಮುಟ್ಟಿ ನೋಡಿದವರು. ಅವರ ಮನೆ ವರ್ಷಕ್ಕೆ ಎರಡು ಮೂರು ಸಲ ಏರುತ್ತಿತ್ತು. ಮೊದಲು ಒಂಬತ್ತು ಮೊಳ, ಆಮೇಲೆ ಹನ್ನೆರಡು, ಕಳೆದ ಸಲ ಹದಿಮೂರೂವರೆ. ಮಗಳು ವನಜಾಕ್ಷಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆರಿಗೆಯ ಹೊತ್ತಿನಲ್ಲಿ ಮನೆ ಏರಿಬಿಟ್ಟರೆ, ದೊಡ್ಡ ಏಣಿ ಬೇರೆ ಯಾರದೋ ಮನೆಗೆ ಹೋಗಿಬಿಟ್ಟಿದ್ದರೆ ಏನು ಗತಿ ಎಂಬುದು ಅವರ ಚಿಂತೆ. ಆ ಚಿಂತೆಯಲ್ಲಿ ತಪ್ಪೇನೂ ಇರಲಿಲ್ಲ. ಅವರು ಜಗಲಿಯ ಮೇಲೆ ಕೂತು, ಹದಿನೆಂಟು ಮೊಳದ್ದನ್ನು ತಮಗೆ ಮಾರಿಬಿಡಿ ಎಂದರು.

"ಇಷ್ಟು ವರ್ಷ ನಾನು ಕೊಟ್ಟ ಬಾಡಿಗೇಲಿ ಒಂದು ಬಿದಿರು ಮೆಳೇನೇ ಕೊಂಡುಕೋಬೋದಿತ್ತಮ್ಮ" ಎಂದರು. "ಕೊಟ್ಟೂ ಕೊಟ್ಟೂ ಒಂದು ಮೆಟ್ಟಿಲೂ ನನ್ನದು ಅಂತ ಆಗಲಿಲ್ಲ."

ಬೇರೆಯವರಿಗೆ ದೊಡ್ಡ ಏಣಿ ಬೇಕಾದಾಗ ಏನು ಮಾಡುವುದು ಎಂದು ನಾನು ಕೇಳಿದೆ. ಬಂದು ಕೇಳಲಿ, ಕೊಡುತ್ತೇನೆ ಎಂದರು. "ಬಾಡಿಗೆಗಾ, ಸುಮ್ನೇನಾ?" ಎಂದು ಸಾಕಮ್ಮ ಒಳಗಿನಿಂದ ಕೇಳಿದಳು. ಅಮೀನರು ನಾಳೆ ಬರುತ್ತೇನೆಂದು ಎದ್ದರು.

ಅವಳು ಹಾಗೆ ಚುಚ್ಚಿದರೂ ಮಾರಬೇಕು ಎಂದು ಪಟ್ಟು ಹಿಡಿದವಳು ಅವಳೇ. ಆ ಏಣಿ ಒಂದೇ ಅಲ್ಲ, ಇಪ್ಪತ್ತೇಳನ್ನೂ ಒಂದೊಂದಾಗಿ ಮಾರಿಬಿಡೋಣ ಎಂದಳು. ನಾನು ನಾರು ಹೊಸೆಯುತ್ತಿದ್ದೆ. ಅವಳು ನನ್ನ ಮುಂದೆ ಬಂದು ಕೂತು ಸೀರೆಯನ್ನು ಮಂಡಿಯವರೆಗೆ ಸರಿಸಿ, ಕಾಲು ಚಾಚಿ, ಮಡಚಿದಳು. ಮಂಡಿ ಒಣ ಸೌದೆ ಮುರಿದ ಹಾಗೆ ಸದ್ದು ಮಾಡಿತು.

"ಕೇಳುಸ್ತಾ ಅತ್ಗೆ?" ಎಂದಳು. "ಬಾಡ್ಗೆಗೆ ಕೊಟ್ರೆ ಏಣಿ ಅವರತ್ರ, ಏಣಿ ಚಿಂತೆ ನಮ್ಮತ್ರ. ಮಾರುದ್ರೆ ಎಲ್ಡೂ ಅವರ್ದೇ. ಇನ್ನೆಷ್ಟು ವರ್ಸ ಮಣ್ಣು ಉದುರ್ತು ಅಂತ ಓಡ್ಲಿ ನಾನು?"

ನಾನು ನಿಧಾನದವಳು. ಇವತ್ತು ಕೇಳಿದ್ದಕ್ಕೆ ನಾಲ್ಕನೆಯ ದಿನ ಉತ್ತರ ಹೇಳುವವಳೆಂದು ನನ್ನ ಗಂಡನೇ ನಗುತ್ತಿದ್ದರು. ಮಾರುವುದು ಬೇಡ ಎಂದು ಒಳಗೆ ಏನೋ ಹೇಳುತ್ತಿತ್ತು. ಯಾಕೆ ಬೇಡ ಎಂದು ಕೇಳಿದರೆ ಅದಕ್ಕೆ ಬಾಯಿರಲಿಲ್ಲ. ಮೊದಲು ಇದೊಂದನ್ನು ಕೊಟ್ಟು ನೋಡೋಣ, ಅಮಾವಾಸ್ಯೆ ಕಳೆದ ಮೇಲೆ ಉಳಿದವುಗಳ ಮಾತಾಡೋಣ ಎಂದೆ.

ಮಾರನೆಯ ದಿನ ಅಮೀನರು ಛಾಪಾ ಕಾಗದವನ್ನೇ ತಂದರು. ಬರೆಯುವವರು ಯಾರು ಎಂದಾಗ ಸಾಕಮ್ಮ ನನ್ನ ಕಡೆ ಕೈ ತೋರಿಸಿದಳು. ನಾನು ಅಕ್ಷರ ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ರಾತ್ರಿಶಾಲೆಯಲ್ಲಿ. ಓದು ಬರಹ ಬಂದಮೇಲೂ ತೂಕವಿರುವ ಕಾಗದವನ್ನು ಬರೆದುಕೊಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಮೀನರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. 'ಸದರಿ' ಎಂಬ ಪದ ನನಗೆ ಹೊಸದು. ಅದನ್ನು ಮೊದಲು ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿ ಆಮೇಲೆ ಕಾಗದಕ್ಕೆ ಇಳಿಸಿದೆ. ಈ ದಿನದಿಂದ ಸದರಿ ಏಣಿಗೂ ನಮಗೂ ಯಾವುದೇ ಸಂಬಂಧವಿರುವುದಿಲ್ಲ ಎಂದು ಕೊನೆಯ ಸಾಲು. ಅಕ್ಷರ ದುಂಡಗೆ ಬಂದಿದೆ ಎಂದು ಅಮೀನರು ಹೊಗಳಿದರು. ನನಗೆ ಹಿಗ್ಗಾಯಿತು, ಸುಳ್ಳು ಹೇಳುವುದಿಲ್ಲ. ಮನೆ ಇಳಿಯುವಾಗ ಏಣಿ ತೆಗೆಯಬೇಕು ಎಂಬ ಮಾತು ಆ ಕಾಗದದಲ್ಲಿರಲಿಲ್ಲ, ನನ್ನ ಬಾಯಿಗೂ ಬರಲಿಲ್ಲ. ಯಾರಿಗೂ ಯಾವತ್ತೂ ಹೇಳಿ ಅಭ್ಯಾಸವಿಲ್ಲದ ಮಾತು ಅದು.

ಮನೆ ಏರಿದರೆ ಏಣಿಯೂ ತಾನಾಗಿ ಎದ್ದು ನಿಲ್ಲಲಿ ಎಂದು ಅಮೀನರು ಅದನ್ನು ತಮ್ಮ ಅಂಗಳದ ಹಾಸುಗಲ್ಲಿನ ಮೇಲೆ ಉದ್ದಕ್ಕೆ ಮಲಗಿಸಿ, ಅದರ ತಲೆಯನ್ನು ಹೊಸ್ತಿಲಿಗೆ ತಂದು, ಕಬ್ಬಿಣದ ಪಟ್ಟಿ ಹಾಕಿ, ತಿರುಗುವಷ್ಟು ಸಡಿಲ ಬಿಟ್ಟು ಬೋಲ್ಟು ಕೂರಿಸಿದರು. ಸ್ವಂತದ ಏಣಿ, ಯಾರಾದರೂ ಹೊತ್ತುಕೊಂಡು ಹೋದರೆ? ಬೋಲ್ಟು ಯಾರೂ ಬಿಚ್ಚದ ಹಾಗೆ ಅದರ ತುದಿಯನ್ನೂ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಬಾಡಿಗೆ ಏಣಿಯನ್ನು ಯಾರೂ ಕಟ್ಟುತ್ತಿರಲಿಲ್ಲ, ಅದು ಹೋಗುವ ವಸ್ತುವೆಂದು ಎಲ್ಲರಿಗೂ ಗೊತ್ತಿತ್ತು. ಸಾಕಮ್ಮ ಆ ಬೀದಿಯಲ್ಲಿ ಬರುವಾಗ ಇದನ್ನು ನೋಡಿಕೊಂಡು ಬಂದು ನನಗೆ ಹೇಳಿದಳು. ಅವರ ಏಣಿ, ಬೇಕಾದರೆ ಅದಕ್ಕೆ ಮೂಗುಬಟ್ಟೂ ಹಾಕಿಕೊಳ್ಳಲಿ ಎಂದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಇನ್ನೂ ಐದು ಮನೆಯವರು ಬಂದು ನಮಗೂ ಒಂದೊಂದು ಮಾರಿ ಎಂದು ಕೇಳಿ ಹೋಗಿದ್ದರು. ದರ್ಜಿ ಹನುಮೋಜಿಯಂತೂ ಹತ್ತು ಮೊಳದ್ದಕ್ಕೆ ಮುಂಗಡವನ್ನೇ ಕೊಟ್ಟುಬಿಟ್ಟಿದ್ದ.

ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿರುವಾಗ, ಒಂದು ಗುರುವಾರ ಬೆಳಿಗ್ಗೆ, ನಾನು ಸೊಪ್ಪು ಹಿಡಿದುಕೊಂಡು ಅಮೀನರ ಬೀದಿಯಲ್ಲಿ ಬರುತ್ತಿದ್ದೆ. ನೆಲ ಒಂದು ದೊಡ್ಡ ಉಸಿರು ಬಿಟ್ಟ ಹಾಗಾಯಿತು. ಅಮೀನರ ಮನೆ ಎದ್ದಿತು. ಹಿತ್ತಿಲಿನ ಕರಿಬೇವಿನ ಬೇರುಗಳು ಗೋಡೆಯಿಂದ ಬಿಡಿಸಿಕೊಂಡು ಜಾರಿದವು. ಹೊಸ್ತಿಲು ನನ್ನ ಮಂಡಿಗೆ ಬಂತು, ಎದೆಗೆ ಬಂತು, ತಲೆ ದಾಟಿತು. ಹಾಸುಗಲ್ಲಿನ ಮೇಲೆ ಮಲಗಿದ್ದ ಏಣಿ ಮೊದಲು ತಲೆ ಎತ್ತಿತು. ಆಮೇಲೆ ಕಾಲು ಎಳೆದುಕೊಂಡು ಮುಂದೆ ಬಂತು, ನೆಟ್ಟಗೆ ನಿಂತಿತು. ಒಂದು ಗಳಿಗೆ ಹಾಗೆ ನಿಂತಿದ್ದು, ಆಮೇಲೆ ಅದರ ಕಾಲುಗಳೂ ಕಲ್ಲು ಬಿಟ್ಟವು. ನನ್ನ ಗಂಡನ ಕೈಯ ಏಣಿ ಯಾರೊಬ್ಬರೂ ಹತ್ತದೆ ತಾನೇ ಆಕಾಶಕ್ಕೆ ಹೋಗುತ್ತಿತ್ತು. ಇಪ್ಪತ್ತು ಮೊಳ ಮೀರಿ ಏರಿದ ಮನೆಯನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಇದು ಮೂವತ್ತಕ್ಕೆ ಹೋಗಿ ನಿಂತಿತು. ಅಷ್ಟು ಮೇಲೆ ಮನೆಯ ಕಿಟಕಿಗೆ ಬಿದ್ದ ಬಿಸಿಲು ಕೆಳಗೆ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ಸೊಪ್ಪು ಬಾಡುವವರೆಗೆ ನಾನು ಅಲ್ಲೇ ಇದ್ದೆ ಎಂದು ಆಮೇಲೆ ಸಾಕಮ್ಮ ಹೇಳಿದಳು.

ತೂಗುತ್ತಿದ್ದ ಏಣಿಯ ಕಾಲಿಗೂ ನೆಲಕ್ಕೂ ಹನ್ನೆರಡು ಮೊಳ ಅಂತರವಿತ್ತು. ನಮ್ಮ ಹನ್ನೆರಡರ ಏಣಿ ತಂದು ಕೆಳಗೆ ನಿಲ್ಲಿಸಿ, ಗಟ್ಟಿಮುಟ್ಟಾದ ಒಬ್ಬನನ್ನು ಹತ್ತಿಸಿದೆವು. ಅವನು ಮೇಲಿನ ಏಣಿಗೆ ಕಾಲಿಟ್ಟ ತಕ್ಷಣ ಅದು ತೊಟ್ಟಿಲಿನ ಹಾಗೆ ಆಚೆ ಹೋಯಿತು. ಬಿಟ್ಟುಬಿಟ್ಟೆವು. ಮನೆಯೊಳಗೆ ಇದ್ದವರು ಅಮೀನರು, ಅವರ ಹೆಂಡತಿ ಮಾದೇವಮ್ಮ, ಮತ್ತು ವನಜಾಕ್ಷಿ. ಅಕ್ಕಿ, ನೀರು, ಎಣ್ಣೆ ಎಲ್ಲವೂ ಬುಟ್ಟಿಯಲ್ಲಿ ಮೇಲೆ ಹೋಗುತ್ತಿದ್ದವು. ವನಜಾಕ್ಷಿ ಸಂಜೆ ಹೊತ್ತು ಕಿಟಕಿಯಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಅಲ್ಲಿಂದ ಮೂರು ಕೆರೆ ಕಾಣುತ್ತವೆ ಎಂದು ಕೂಗಿ ಹೇಳಿದಳು. ನಮ್ಮೂರಿಗೆ ಇರುವುದು ಒಂದೇ ಕೆರೆ.

ಹತ್ತನೆಯ ದಿನ ಬೆಳಿಗ್ಗೆ ಎರಡು ಸುದ್ದಿ ಒಟ್ಟಿಗೆ ಬಂದವು. ವನಜಾಕ್ಷಿಗೆ ನೋವು ಶುರುವಾಗಿದೆ. ಅಮೀನರ ಮನೆಯ ತಳದಿಂದ ಮಣ್ಣು ಉದುರುತ್ತಿದೆ.

ಸಾಕಮ್ಮ ಎದ್ದಳು, ಓಡಿದಳು. ಏಣಿ ನಮ್ಮದಲ್ಲ ಎಂಬುದು ಅವಳ ಕಾಲಿಗೆ ಗೊತ್ತಿರಲಿಲ್ಲ. ನಾನು ಹಿಂದೆ ಹೋಗುವಷ್ಟರಲ್ಲಿ ಅವಳು ಮನೆಯ ಕೆಳಗೆ ನಿಂತು, ಏಣಿ ಬಿಚ್ಚಿ ಎಂದು ಮೇಲಕ್ಕೆ ಕೂಗುತ್ತಿದ್ದಳು. ಮನೆ ಆಗಲೇ ನಿಧಾನವಾಗಿ ಇಳಿಯುತ್ತಿತ್ತು. ಸೂಲಗಿತ್ತಿ ಸಣ್ಣತಾಯಮ್ಮ ತನ್ನ ಗಂಟಿನ ಜೊತೆ ಅಂಗಳದಲ್ಲಿ ಕಾಯುತ್ತಿದ್ದಳು. ಅಮೀನರು ಬಾಗಿಲಿನಿಂದ ಬಗ್ಗಿ, ಬೋಲ್ಟು ಬಿಚ್ಚಲು ಬರುವುದಿಲ್ಲವೆಂದರು. ಹಾಗಾದರೆ ಗರಗಸ ಕಳಿಸುತ್ತೇವೆ, ಕುಯ್ದು ಬೀಳಿಸಿ ಎಂದೆವು. ಅವರಿಗೆ ಸಿಟ್ಟು ಬಂತು. ಸೂಲಗಿತ್ತಿ ಮೇಲೆ ಬರಬೇಕು, ಇನ್ನೇನು ಏಣಿಯ ಕಾಲು ನೆಲಕ್ಕೆ ಸಿಗುತ್ತದೆ, ಈಗ ಕುಯ್ಯಿ ಎನ್ನುತ್ತೀರಲ್ಲ ಎಂದರು. ಆ ಮಾತು ಸರಿಯಾಗಿಯೇ ಇತ್ತು. ಸಣ್ಣತಾಯಮ್ಮನೂ ತಲೆಯಾಡಿಸಿದಳು.

"ಇಳಿಯೋ ಮನೆಗೆ ಏಣಿ ತಾಗಬಾರದು ಅಮೀನ್ರೇ" ಎಂದೆ.

"ತಾಗಿದ್ರೆ ಏನಾಗ್ತದೆ?"

ನನಗೆ ಗೊತ್ತಿರಲಿಲ್ಲ. ಸಾಕಮ್ಮನಿಗೂ ಗೊತ್ತಿರಲಿಲ್ಲ.

"ಕಾಗದದಲ್ಲಿ ಎಲ್ಲಿ ಬರ್ದಿದ್ದೀಯ ನಂಜಮ್ಮ ಅದನ್ನ?" ಎಂದು ಅವರು ನನ್ನನ್ನು ಕೇಳಿದರು. ಒಳಗಿನಿಂದ ಮಗಳು ನರಳಿದ್ದು ಕೇಳಿಸಿತು. ಅವರು ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಏಣಿಯ ಎರಡು ಕಾಲುಗಳು ಹಾಸುಗಲ್ಲಿನ ಮೇಲೆ ಬಂದು ಕೂತವು. ಮನೆ ನಿಂತಿತು. ಹದಿನೆಂಟು ಮೊಳದ ಮೇಲೆ, ಎರಡು ಬಿದಿರು ಗಳಗಳ ಮೇಲೆ, ಒಂದು ಇಡೀ ಮನೆ ನಿಂತಿತು. ನಮಗೆಲ್ಲ ಮೊದಲು ಸಂತೋಷವೇ ಆಯಿತು. ಸಣ್ಣತಾಯಮ್ಮ ಸೆರಗು ಸಿಕ್ಕಿಸಿಕೊಂಡು ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಳು. ಆಗ ಬಿದಿರು ಲಟಕ್ಕೆಂದಿತು. ಅವಳು ಕಾಲು ಹಿಂದಕ್ಕೆ ತೆಗೆದಳು. ಮೇಲೆ ಗೋಡೆಗಳು ಲಟಲಟ ಎನ್ನತೊಡಗಿದವು.

ಆ ಸದ್ದು ಊರಿನ ಎಲ್ಲರಿಗೂ ಪರಿಚಯದ್ದು. ಏರಿದ ಮನೆಗೆ ಭಾರವಿರುವುದಿಲ್ಲ. ಇಳಿದು ಕೂತ ಮೇಲೆ ಭಾರ ನಿಧಾನವಾಗಿ ಮರಳುತ್ತದೆ, ಸಂಜೆಯವರೆಗೆ ಗೋಡೆ, ತೊಲೆ, ಕಂಬ ಒಂದೊಂದೂ ಸದ್ದು ಮಾಡುತ್ತಾ ತನ್ನ ತೂಕವನ್ನು ತಾನು ತೆಗೆದುಕೊಳ್ಳುತ್ತದೆ. ಏಣಿಯ ಕಾಲು ಕಲ್ಲಿಗೆ ತಾಗಿದ್ದನ್ನು ಮನೆ ತಾನೇ ನೆಲಕ್ಕೆ ತಾಗಿದೆ ಎಂದುಕೊಂಡಿತ್ತು. ಅದಕ್ಕೆ ಭಾರ ಬರುತ್ತಿತ್ತು. ಮಾವನವರು ಹೇಳದೆ ಬಿಟ್ಟದ್ದು ನನಗೆ ಆಗ ತಿಳಿಯಿತು. ಸಂಜೆಯೊಳಗೆ ಮನೆಗೆ ಪೂರ್ತಿ ತೂಕ ಬರುತ್ತದೆ, ಬಿದಿರು ಸಿಗಿಯುತ್ತದೆ, ಹದಿನೆಂಟು ಮೊಳದಿಂದ ಮನೆ ಬೀಳುತ್ತದೆ. ಒಳಗೆ ಹೆರುವ ಹೆಣ್ಣು.

ಅಮೀನರಿಗೂ ತಿಳಿಯಿತು. ಬಾಗಿಲಿಗೆ ಬಂದು, ಗರಗಸ ಕಳಿಸಿ, ಹೊಸ್ತಿಲ ಹತ್ತಿರವೇ ಕುಯ್ಯುತ್ತೇನೆ ಎಂದು ಕೂಗಿದರು. ಯಾರೋ ಬುಟ್ಟಿ ಹತ್ತಿರ ಎಳೆದರು. ಸಾಕಮ್ಮ ಅದರ ಮೇಲೆ ಕೈ ಇಟ್ಟಳು. ಭಾರ ಆಗಲೇ ಬಂದಿದೆ, ಈಗ ಮೇಲೆ ಕುಯ್ದರೆ ಮಡಕೆಯ ಹಾಗೆ ಬೀಳುತ್ತದೆ ಎಂದಳು. ಕೆಳಗಿನಿಂದ ಒಂದು ಮೊಳ ಕುಯ್ಯಬೇಕು. ಬಿದ್ದರೆ ಒಂದು ಮೊಳ ಬೀಳಲಿ. ಆಮೇಲೆ ಇನ್ನೊಂದು. ಮನೆಯಿಂದ ತರಿಸಿದ್ದ ನಮ್ಮ ಎರಡು ಗರಗಸಗಳಿಗೆ ಇಬ್ಬರು ಯುವಕರು ಕೈ ಚಾಚಿದರು. ಅವಳು ಕೊಡಲಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಬೆರಳಿನಷ್ಟು ಮೊದಲು ಕತ್ತರಿಸಿದರೂ ಮನೆ ವಾಲುತ್ತದೆ. ನಾವಿಬ್ಬರೂ ಮೂವತ್ತು ವರ್ಷ ಎದುರುಬದುರು ಕೂತು ಬಿದಿರು ಕುಯ್ದವರು. ಅವಳು ಎಡಗಾಲಿಗೆ ಕೂತಳು, ನಾನು ಬಲಗಾಲಿಗೆ ಕೂತೆ.

ಮೊದಲ ಕೊಯ್ತದಲ್ಲಿ ನಮ್ಮಿಬ್ಬರ ಗರಗಸ ಒಂದೇ ಸಲ ಆಚೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಮನೆ ಇದ್ದಲ್ಲೇ ಇತ್ತು, ಏಣಿಯ ಕಾಲಿನ ಕೆಳಗೆ ಏನೂ ಇರಲಿಲ್ಲ. ಕುಯ್ದ ತುಂಡು ಇನ್ನೂ ಕಲ್ಲಿನ ಮೇಲೆ ನಿಂತಿತ್ತು. ಅದಕ್ಕೂ ಏಣಿಗೂ ನಡುವೆ ಒಂದು ಬೆರಳು ಸಂದು, ಆ ಸಂದಿನಲ್ಲಿ ಆಚೆ ಬೀದಿಯಲ್ಲಿ ನಿಂತವರ ಕಾಲುಗಳು ಕಾಣುತ್ತಿದ್ದವು. ಬಂದಿದ್ದ ಭಾರವನ್ನು ಮನೆ ಮತ್ತೆ ಬಿಟ್ಟುಕೊಟ್ಟಿತ್ತು. ಸಾಕಮ್ಮ ಕೈಯಿಂದ ಆ ತುಂಡನ್ನು ಮೆಲ್ಲಗೆ ಪಕ್ಕಕ್ಕೆ ಎಳೆದಳು. ಎಳೆದಾದ ಮೇಲೆ ಮನೆ ಇಳಿಯಿತು, ನೀರು ತುಂಬಿದ ಕೊಡವನ್ನು ಹೆಂಗಸು ಸೊಂಟದಿಂದ ಇಳಿಸುವ ಹಾಗೆ. ಕಾಲು ಕಲ್ಲಿಗೆ ತಾಗಿತು. ಮತ್ತೆ ಗೋಡೆ ಸದ್ದು ಮಾಡತೊಡಗಿತು.

ಇಷ್ಟು ಮೆತ್ತಗೆ ಇಳಿಯುವುದಾದರೆ ಒಂದೇ ಸಲ ಮೇಲಿನಿಂದ ಕುಯ್ದುಬಿಡಬಹುದಲ್ಲ ಎಂದು ಹಿಂದಿನಿಂದ ಹನುಮೋಜಿ ಕೇಳಿದ. ಸಾಕಮ್ಮ ಆಗಲೇ ಎರಡನೆಯ ಮೊಳಕ್ಕೆ ಗುರುತು ಹಾಕುತ್ತಿದ್ದಳು.

"ಮನೆ ನಮ್ಮನ್ನ ಒಂದು ಮೊಳಕ್ಕೆ ನಂಬೈತೆ" ಎಂದಳು. "ಹದಿನೇಳು ಮೊಳಕ್ಕೆ ನಂಬು ಅಂತ ಕೇಳಾಕಾಯ್ತದಾ?"

ಬೀದಿ ತುಂಬಾ ಜನ, ಆದರೂ ಕೇಳಿಸುತ್ತಿದ್ದುದು ಗರಗಸದ ಸದ್ದು, ಮೇಲೆ ವನಜಾಕ್ಷಿಯ ನರಳಾಟ, ಮಾದೇವಮ್ಮನ ಸಮಾಧಾನದ ಮಾತು, ಇಷ್ಟೇ. ಪ್ರತಿ ಸಲವೂ ಭಾರ ಹೆಚ್ಚು ಬರುವ ಮೊದಲು ಕುಯ್ದು ಮುಗಿಸಬೇಕಿತ್ತು. ಪ್ರತಿ ಸಲವೂ ಮನೆ ಗಾಳಿಯಲ್ಲಿ ಕಾದು, ತುಂಡು ತೆಗೆದ ಮೇಲೆ ಇಳಿಯುತ್ತಿತ್ತು. ಒಮ್ಮೆ ನನ್ನ ಗರಗಸ ಗಂಟಿನಲ್ಲಿ ಸಿಕ್ಕಿಕೊಂಡಿತು. ಸಾಕಮ್ಮ ತನ್ನದನ್ನು ನಿಲ್ಲಿಸಿ ಕಾಯ್ದಳು. ನಾನು ಗಂಟು ದಾಟಿದ ಮೇಲೆ ಮತ್ತೆ ಶುರು ಮಾಡಿದಳು. ನಾಲ್ಕು, ಐದು, ಆರು. ಕುಯ್ದ ತುಂಡುಗಳನ್ನು ಜನ ಕೈಯಿಂದ ಕೈಗೆ ಕೊಟ್ಟು ಹಿಂದಕ್ಕೆ ಸಾಗಿಸುತ್ತಿದ್ದರು, ಸದ್ದಾಗಬಾರದೆಂದು ಯಾರೂ ಅವನ್ನು ನೆಲಕ್ಕೆ ಎಸೆಯಲಿಲ್ಲ.

ಹನ್ನೊಂದನೆಯ ಮೊಳ ಕುಯ್ಯುತ್ತಿದ್ದಾಗ ಮಗು ಅತ್ತಿತು. ಅದು ಎಂಥಾ ಅಳು ಎಂದು ಹೇಳಲು ನನ್ನ ಬರವಣಿಗೆ ಸಾಲದು. ನಾವಿಬ್ಬರೂ ಕೈ ನಿಲ್ಲಿಸಿದೆವು. ಅರ್ಧ ಕುಯ್ದ ಬಿದಿರಿನ ಮೇಲೆ ಮನೆ ನಿಂತಿತ್ತು, ಇನ್ನೊಂದು ಗಳಿಗೆಗೆ ಅದು ಸಿಗಿಯಬೇಕು. ಆದರೆ ಗೋಡೆಗಳ ಲಟಲಟ ನಿಂತುಹೋಗಿತ್ತು. ನಾನು ಗಳದ ಮೇಲೆ ಅಂಗೈ ಇಟ್ಟು ನೋಡಿದೆ. ಭಾರವೇ ಇರಲಿಲ್ಲ. ಆ ಮನೆಯಲ್ಲಿ ಒಬ್ಬರು ಹೆಚ್ಚಾಗಿದ್ದರು, ಮನೆ ಮಾತ್ರ ಒಂದು ಹಕ್ಕಿ ಕೂತಷ್ಟೂ ಭಾರವಿಲ್ಲದೆ ನಿಂತಿತ್ತು. ಮಗು ಅಳುತ್ತಿದ್ದಷ್ಟು ಹೊತ್ತೂ ಅದು ಹಾಗೇ ನಿಂತಿತ್ತು. ಸಾಕಮ್ಮ ನನ್ನ ಮುಖ ನೋಡಿದಳು. ಅವಳ ಬಾಯಿ ತೆರೆದಿತ್ತು, ನನ್ನದೂ ಹಾಗೇ ಇದ್ದಿರಬೇಕು. ಮೇಲಿಂದ ಮಾದೇವಮ್ಮ, ಹೆಣ್ಣು ಎಂದಳು. ಮಗುವಿನ ಅಳು ಇಳಿದ ಮೇಲೆ ಗೋಡೆ ಮತ್ತೆ ಸದ್ದು ಮಾಡಿತು. ನಾವು ಮತ್ತೆ ಗರಗಸ ಹಿಡಿದೆವು.

ಕೊನೆಯ ಮೊಳಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಹೊಸ್ತಿಲು ನಮ್ಮ ಕಣ್ಣಿನ ಮಟ್ಟಕ್ಕೆ ಬಂದಿತ್ತು. ನಾವು ಒಂದು ಪಕ್ಕಕ್ಕೆ ಮಲಗಿಕೊಂಡು ಕುಯ್ದೆವು. ಅಮೀನರು ಹೊಸ್ತಿಲ ಆಚೆ ನೆಲದ ಮೇಲೆ ಬಗ್ಗಿ ಕೂತಿದ್ದರು, ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿದೆ. ಕಾಗದ ಬರೆದ ಕೈ ನನ್ನದು. ಎರಡು ಗರಗಸಗಳೂ ಒಟ್ಟಿಗೆ ಆಚೆ ಬಂದವು, ತುಂಡು ಎಳೆದೆವು, ಮನೆ ತನ್ನ ಗುಂಡಿಯಲ್ಲಿ ಕೂತಿತು. ನೆಲದ ಮೇಲೆ ಮಲಗಿದ್ದ ನನ್ನ ಪಕ್ಕೆಲುಬಿನೊಳಗೆ ಅದು ಕೂತದ್ದು ಗೊತ್ತಾಯಿತು. ಸಣ್ಣತಾಯಮ್ಮ ನಮ್ಮಿಬ್ಬರನ್ನೂ ದಾಟಿ ಒಳಗೆ ನುಗ್ಗಿದಳು.

ಅಲ್ಲಿಂದ ಎದ್ದು ಬರುವಾಗ ಹನುಮೋಜಿ ನಮ್ಮ ಜೊತೆ ಸ್ವಲ್ಪ ದೂರ ಬಂದ. ಮುಂಗಡದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸಾಕಮ್ಮನ ಅಂಗೈ ತುಂಬಾ ಬೊಬ್ಬೆ ಎದ್ದಿತ್ತು, ಮುದ್ದೆ ಮುರಿಯಲು ಆಗಲಿಲ್ಲ. ನನ್ನ ಬಲಗೈ ಅಷ್ಟು ಕೆಟ್ಟಿರಲಿಲ್ಲ. ನಾನೇ ತುತ್ತು ಮಾಡಿ, ಸಾರಿಗೆ ಅದ್ದಿ, ಅವಳ ಬಾಯಿಗೆ ಇಟ್ಟೆ. ಇಷ್ಟು ವರ್ಷ ಒಂದೇ ಒಲೆಯಲ್ಲಿ ಉಂಡಿದ್ದೇವೆ, ಹೀಗೆ ಉಣಿಸಿದ್ದು ಅದೇ ಮೊದಲು. ನಾಲ್ಕು ತುತ್ತು ನುಂಗಿದ ಮೇಲೆ ಅವಳು, ನಾಳೆ ಮೆಳೆಗೆ ಹೋಗಿ ಉದ್ದದ ಗಳ ಇದೆಯಾ ನೋಡಬೇಕು ಎಂದಳು.

"ಮಾರಾಕಾ?" ಎಂದು ಕೇಳಿದೆ.

ಅವಳು ಬಾಯಲ್ಲಿದ್ದದ್ದನ್ನು ನುಂಗಿ, ಚಾಚಿದ್ದ ಕಾಲನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಸರಿಸಿಕೊಂಡಳು.

"ಏಣಿ ಮಾರ್ಬೋದು ಅತ್ಗೆ" ಎಂದಳು. "ಮಣ್ಣು ಉದುರ್ದಾಗ ಓಡ್ತವಲ್ಲ ಈ ಕಾಲು, ಇವುನ್ನ ಯಾರಿಗೆ ಮಾರಾನ?"

ನಾನು ಇನ್ನೊಂದು ತುತ್ತು ಮಾಡಿದೆ. ಅವಳು ಬಾಯಿ ತೆರೆದಳು.